ಎಡಗಿವಿಯ ಗಿಟಾರು

ಇಮ್ದಾದನ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ
ಮೆಮೊರಿ ಕಾರ್ಡು ತುಂಬಿಸಿಕೊಂಡೆ.
ಕೇಳಿದ್ದು ಹಳೇ ಚಿತ್ರಗೀತೆ.
ಜೊತೆಗೆ ಬಂದದ್ದು ಕೇಳದೇ ಇದ್ದ ಹತ್ತು ಹಾಡು:
ಹೆಸರಿಲ್ಲ, ಹಾಡಿದವರ ಊರಿಲ್ಲ,
ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು, ಅಷ್ಟೇ,
ಆಸ್ಪತ್ರೆಯ ಮಂಚಗಳ ಹಾಗೆ.

ಮೊದಲ ದಿನ ಬೈದುಕೊಂಡೆ.
ಬೇರಿಂಗು ಹೋದ ಗ್ರೈಂಡರಿಗೂ ಇದಕ್ಕೂ
ಏನು ವ್ಯತ್ಯಾಸ?
ಆದರೆ ನನ್ನ ಕೆಲಸವೇ ಅದು,
ಸಂತೆಪೇಟೆಯ ರುದ್ರಾಚಾರಿ ವೈಂಡಿಂಗ್ ವರ್ಕ್ಸಿನಲ್ಲಿ
ಸುಟ್ಟ ಮೋಟಾರಿನ ಹೊಟ್ಟೆ ಬಗೆದು
ಕರಕಲು ತಂತಿ ಕಿತ್ತು
ಹೊಸ ತಾಮ್ರ ಸುತ್ತುವುದು.
ಕೆಟ್ಟ ಸದ್ದನ್ನು ಅರ್ಧಕ್ಕೆ ಬಿಟ್ಟೇಳುವವಳಲ್ಲ ನಾನು,
ಎಲ್ಲಿಂದ ಬಂತೆಂದು ಕಿವಿಗೊಟ್ಟು ಕೂರುವವಳು.

ಕೂತೆ.
ಮೂರನೇ ಹಾಡಿನಲ್ಲಿ ಡ್ರಮ್ಮಿನವನು ಕೋಲೆತ್ತಿ
ಸುಮ್ಮನಾದ ಒಂದೇ ಒಂದು ಉಸಿರಲ್ಲಿ
ಆಂಪ್ಲಿಫೈಯರಿನ ಗುಂಯ್ ಕೇಳಿಸಿತು.
ಅದು ನನಗೆ ಗೊತ್ತು.
ಸ್ವಿಚ್ಚು ಹಾಕಿ, ಮೋಟಾರು ತಿರುಗುವ ಮುಂಚೆ
ಕರೆಂಟು ತಾಮ್ರದೊಳಗೆ ಕಾಯುವ ಸದ್ದು.
ಆಮೇಲೆ ರುದ್ರಾಚಾರಿಗಳ ಮಗ ಹೇಳಿದ,
ಗಿಟಾರಿನ ಎದೆಯಲ್ಲೂ ಇರುತ್ತದಂತೆ
ಅಯಸ್ಕಾಂತ, ಅದರ ಸುತ್ತ
ಕೂದಲಿಗಿಂತ ಸಣ್ಣ ತಾಮ್ರ, ಸಾವಿರಾರು ಸುತ್ತು.
ಯಾರು ಸುತ್ತಿದರೋ.
ಲೆಕ್ಕ ತಪ್ಪದ ಹಾಗೆ ತುಟಿಯಲ್ಲೇ ಎಣಿಸುತ್ತಾ
ಯಾವ ಊರಿನ ಹೆಂಗಸೋ.

ಇಂಗ್ಲಿಷು ನನಗೆ ಬೋರ್ಡು ಓದುವಷ್ಟು.
ಹಾಡುಗಳಿಗೆ ನಾನೇ ಹೆಸರಿಟ್ಟೆ.
ಒಂದನೆಯದು ‘ಬಾಗಿಲು ಒದ್ದವನು’.
ನಾಲ್ಕನೆಯದು ‘ಬೆಳ್ಳುಳ್ಳಿ’: ಮೊದಲು ಚಟಪಟ, ಆಮೇಲೆ ಘಮ.
ಏಳನೆಯದು ‘ಚಿಕ್ಕಮ್ಮನ ಪಾಸ್‌ಬುಕ್ಕು’,
ಯಾಕೆಂದು ಹೇಳುವುದಿಲ್ಲ.
ಒಂಬತ್ತನೆಯದು ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ
ಪದದ ನಡುವೆಯೇ ಕಡಿದುಹೋಗುತ್ತದೆ,
ಅವನು ‘ಹೋ’ ಅಂದಲ್ಲಿಗೆ.
ಅದನ್ನು ನನ್ನ ಭಾಷೆಯಲ್ಲಿ ಮುಗಿಸಿಕೊಂಡೆ:
ಹೋಗಲಿ ಬಿಡು.

ಎರಡು ವರ್ಷ ಹೀಗೆ.
ಇಯರ್‌ಫೋನಿನ ಎಡಗಡೆಯದು ಸತ್ತಿತ್ತು.
ಹಾಡಿಗೊಂದು ಕಿವಿ ಸಾಕು, ಇನ್ನೊಂದು ಗಿರಾಕಿಗೆ.
ದುದ್ದದಿಂದ ಪಂಪ್‌ಸೆಟ್ ಹೊತ್ತು ತಂದವರು
‘ಸಾವಂತ್ರಮ್ಮ, ಸಂಜೆಗ್ ಕೊಡ್ತೀಯಾ?’ ಅಂದರೆ
ಎಡಗಿವಿ ಹ್ಞೂಂ ಅನ್ನುತ್ತಿತ್ತು,
ಬಲಗಿವಿ ಬಾಗಿಲು ಒದೆಯುತ್ತಿತ್ತು.

ಆಲೂಗಡ್ಡೆ ಲಾರಿಗಳು ಮಂಡಿಗೆ ಸಾಲುಗಟ್ಟಿದ ತಿಂಗಳು,
ಕೆಲಸ ಕಮ್ಮಿ. ಒಂದು ಮಧ್ಯಾಹ್ನ
ವೈರಿನ ಹೊದಿಕೆ ಸೀಳಿ ನೋಡಿದೆ.
ಒಳಗೆ ಕೆಂಪು, ಹಸಿರು, ಬರೀ ತಾಮ್ರ,
ಮೂರು ಎಳೆ, ಇರುವೆ ಮೀಸೆಯಷ್ಟು.
ಬಣ್ಣ ಕೆರೆದು, ಬೆಸುಗೆಯ ಒಂದು ಹನಿ ಇಟ್ಟು,
ಉಫ್ ಎಂದು ಊದಿ ಕಿವಿಗೇರಿಸಿದೆ.

ಎಡಗಡೆಯಿಂದ ಇನ್ನೊಂದು ಗಿಟಾರು ಬಂತು.

ಇಷ್ಟು ದಿನ ಅಲ್ಲೇ ಇತ್ತು.
ಬಲಗಡೆಯವನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ,
ಅವನು ಕಿರುಚಿದಾಗ ತಗ್ಗಿ,
ಅವನು ಸುಮ್ಮನಿದ್ದ ಕಡೆ ತಾನೊಂದೇ ಗೊಣಗಿಕೊಂಡು.
ಬೆಳ್ಳುಳ್ಳಿ ಹುರಿದ ಎಣ್ಣೆಯೇ ಅದು.
ಪಾಸ್‌ಬುಕ್ಕಿನ ಹಾಡಲ್ಲಿ ನಾನು ಅಳಲು ಇಟ್ಟುಕೊಂಡಿದ್ದ ಖಾಲಿ ಜಾಗ
ಖಾಲಿಯೇ ಅಲ್ಲ.
ಅಲ್ಲೊಬ್ಬ, ನಾಲ್ಕೇ ಸ್ವರದಲ್ಲಿ, ಮೆತ್ತಗೆ ನಗುತ್ತಿದ್ದ.

ನಿಜ ಹೇಳುತ್ತೇನೆ, ಖುಷಿಯಾಗಲಿಲ್ಲ.
ಹೇಳದೆ ಕೇಳದೆ ಒಳಗೆ ಬಂದು
ಹಾಸಿಗೆ ಮೇಲೆ ಕೂತ ನೆಂಟನ ಹಾಗೆ.
ಕಿತ್ತು ಮೇಜಿಗೆಸೆದೆ.
ಅರ್ಧ ಎಚ್ಪಿ ಮೋಟಾರೊಂದಕ್ಕೆ
ಎಂಬತ್ತು ಸುತ್ತು ಎಣಿಸಿದೆ. ತಪ್ಪಿತು.
ಬಿಚ್ಚಿ ಮತ್ತೆ ಎಣಿಸಿದೆ.

ರಾಜಿಗೆ ಒಂದು ವಾರ ಹಿಡಿಯಿತು.
ಈಗ ಮಹಾರಾಜ ಪಾರ್ಕಿನಲ್ಲಿ ಬುತ್ತಿ ಬಿಚ್ಚುವಾಗ
ಎರಡೂ ಕಿವಿಗೆ ಹಾಕಿಕೊಳ್ಳುತ್ತೇನೆ,
ಹಾಸನವೇ ಕೇಳಿಸದಷ್ಟು ಜೋರಾಗಿ.
ಹತ್ತನೆಯದರ ಕೊನೆಗೆ ಇಬ್ಬರೂ ಒಟ್ಟಿಗೆ ಮೇಲೇರುತ್ತಾರಲ್ಲ,
ಆಗ ಅನ್ನದ ತುತ್ತು ಕೈಯಲ್ಲೇ.
ಒಳ್ಳೆಯ ಕಾಯಿಲಿನಲ್ಲಿ ಎಳೆಗೆ ಎಳೆ ಒತ್ತಿಕೊಂಡಿರುತ್ತದೆ,
ಮೈ ಮಾತ್ರ ಮೈಗೆ ತಾಕುವುದಿಲ್ಲ.
ತಾಕಿದರೆ ಸುಟ್ಟು ಹೋಗುತ್ತದೆ.

ಆದರೆ ಒಂಬತ್ತನೆಯದು ಬಂದಾಗ
ಎಡಗಡೆಯದನ್ನು ಈಗಲೂ ತೆಗೆದುಬಿಡುತ್ತೇನೆ.
ಆ ‘ಹೋ’ ನನ್ನದು,
ಅದಕ್ಕೆ ಅವನ ಉತ್ತರ ಬೇಡ.
ಎಡಗಿವಿಗೆ ಕಡಲೆಕಾಯಿ ಮಾರುವವನು,
ತೋಟದ ಪೈಪಿನ ನೀರು,
ದೂರದಲ್ಲೆಲ್ಲೋ ಬೇರಿಂಗು ಹೋದ ಒಂದು ಫ್ಯಾನು.